ಪಿಎಚ್‌ಡಿ ಪ್ರಬಂಧಕ್ಕೆ ಮುಂಚಿನ ಆ ಆರು ತಿಂಗಳು: ರಿಸರ್ಚ್ ಮೆಥಡಾಲಜಿ ಅಂದರೆ ಏನು?

ಪಿಎಚ್‌ಡಿಯ ಕೋರ್ಸ್‌ವರ್ಕ್, ಅಂದರೆ ಪ್ರಬಂಧಕ್ಕೆ ಮುಂಚಿನ ಪಾಠ, ಶುರುವಾಗಿ ಎರಡನೇ ವಾರ. ರಿಸರ್ಚ್ ಮೆಥಡಾಲಜಿಯ, ಅಂದರೆ ಸಂಶೋಧನೆ ಮಾಡುವ ವಿಧಾನದ ತರಗತಿ. ಇಪ್ಪತ್ತೆರಡು ಜನ ಕೂತಿದ್ದೆವು. ಒಬ್ಬೊಬ್ಬರಾಗಿ ಎದ್ದು ನಿಂತು ತಮ್ಮ ತಮ್ಮ ವಿಷಯ ಹೇಳಬೇಕಿತ್ತು. ನನ್ನ ಸರದಿ ಬಂತು.

"ಪಿಯು ವಿದ್ಯಾರ್ಥಿಗಳ ಓದಿನ ಮೇಲೆ ಮೊಬೈಲ್ ಫೋನಿನ ಪರಿಣಾಮ: ಒಂದು ಅಧ್ಯಯನ, ಸರ್."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ಪರಿಣಾಮ ಒಳ್ಳೆಯದೋ ಕೆಟ್ಟದ್ದೋ?"

"ಕೆಟ್ಟದ್ದೇ ಸರ್. ಹದಿನಾಲ್ಕು ವರ್ಷದಿಂದ ಪಾಠ ಮಾಡ್ತಿದ್ದೀನಿ, ದಿನಾ ನೋಡ್ತೀನಲ್ಲ."

"ಉತ್ತರ ಆಗಲೇ ಗೊತ್ತಿದೆ ಅಂದ್ಮೇಲೆ ಸಂಶೋಧನೆ ಯಾಕೆ ಮೇಡಂ?"

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಮೇಷ್ಟ್ರು ನಗಲಿಲ್ಲ. "ನಿಮ್ಮ ಊಹೆ ತಪ್ಪಾಗಿದ್ದರೆ, ಅದು ತಪ್ಪು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ? ಅದನ್ನ ಬರ್ಕೊಂಡು ಬನ್ನಿ" ಅಂದು ಮುಂದಿನವರನ್ನು ಕರೆದರು.

ಆಮೇಲೆ ಆರು ತಿಂಗಳು ಸ್ಯಾಂಪ್ಲಿಂಗ್, ಹೈಪಾಥಿಸಿಸ್, ವ್ಯಾಲಿಡಿಟಿ, ಪಿ-ವ್ಯಾಲ್ಯೂ ಅಂತ ಏನೇನೋ ಬಂತು. ಪರೀಕ್ಷೆಗೆ ಅಂತ ಓದಿದಾಗ ಒಂದಕ್ಕೊಂದು ಸಂಬಂಧವೇ ಇಲ್ಲ ಅನ್ನಿಸುತ್ತಿತ್ತು. ಮೇಷ್ಟ್ರ ಆ ಪ್ರಶ್ನೆ ಪಕ್ಕದಲ್ಲಿಟ್ಟುಕೊಂಡು ಓದಿದಾಗ ಎಲ್ಲ ಒಂದೇ ದಾರಕ್ಕೆ ಬಿದ್ದವು. ಈ ಕೋರ್ಸಿಗೆ ಸೇರಲು ಹೊರಟವರಿಗೆ, ಸೇರಿ ತಲೆ ಕೆರೆದುಕೊಳ್ಳುತ್ತಿರುವವರಿಗೆ ಅದನ್ನೇ ಬಿಡಿಸಿ ಹೇಳುವ ಪ್ರಯತ್ನ ಇದು.

ಮೊದಲು ನಿಯಮದ ಲೆಕ್ಕಾಚಾರ ಮುಗಿಸಿಬಿಡೋಣ. ಎಂಎ, ಎಂಕಾಂ, ಎಂಎಸ್ಸಿ ಆದಮೇಲೆ ಪಿಎಚ್‌ಡಿಗೆ ಸೇರಿದವರು ನೇರವಾಗಿ ಪ್ರಬಂಧ ಬರೆಯಲು ಕೂರುವ ಹಾಗಿಲ್ಲ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2009ರ ನಿಯಮದಲ್ಲಿ ಕೋರ್ಸ್‌ವರ್ಕ್ ಕಡ್ಡಾಯ ಮಾಡಿತು. ಅದಕ್ಕೆ ಮುಂಚೆ ಎಷ್ಟೋ ಕಡೆ ಗೈಡ್ ಒಪ್ಪಿದರೆ ಸಾಕಿತ್ತು. ಈಗ ನಡೆಯುತ್ತಿರುವುದು 2022ರ ನವೆಂಬರ್‌ನಲ್ಲಿ ಬಂದ ನಿಯಮ. ಅದರ ಪ್ರಕಾರ ಕನಿಷ್ಠ 12 ಕ್ರೆಡಿಟ್‌ಗಳ ಕೋರ್ಸ್‌ವರ್ಕ್ ಮಾಡಬೇಕು, ಅದರಲ್ಲಿ ಕನಿಷ್ಠ ಶೇ 55 ಅಂಕ ಬರಬೇಕು. ಬಾರದಿದ್ದರೆ ಮುಂದಕ್ಕೆ ಹೋಗುವಂತಿಲ್ಲ. ಸಾಮಾನ್ಯವಾಗಿ ಮೆಥಡಾಲಜಿಗೆ ಒಂದು ಪೇಪರ್, ನಿಮ್ಮ ವಿಷಯಕ್ಕೆ ಸಂಬಂಧಿಸಿದ್ದು ಒಂದೋ ಎರಡೋ, ಜೊತೆಗೆ ಸಂಶೋಧನೆ ಮತ್ತು ಪ್ರಕಟಣೆಯ ನೀತಿ ಅನ್ನುವ 2 ಕ್ರೆಡಿಟ್, 30 ಗಂಟೆಯ ಪೇಪರ್ ಇರುತ್ತದೆ. ಕೊನೆಯದು ಎಲ್ಲರಿಗೂ ಕಡ್ಡಾಯ. ಪಿಎಚ್‌ಡಿಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ ಅಂತ ಇದೆಯಲ್ಲ, ಕೋರ್ಸ್‌ವರ್ಕ್ ಆ ಲೆಕ್ಕದ ಒಳಗೇ ಬರುತ್ತದೆ.

ಬ್ರಿಟನ್ನಿನಲ್ಲಿ ಇದೇ ಪಾಠ ಪೋಸ್ಟ್‌ಗ್ರಾಜುಯೇಟ್ ಸರ್ಟಿಫಿಕೇಟ್ ಅನ್ನುವ ಹೆಸರಿನಲ್ಲಿ ಬಿಡಿಯಾಗಿಯೂ ಸಿಗುತ್ತದೆ. ಅಲ್ಲಿ ಪೂರ್ತಿ ಮಾಸ್ಟರ್ಸ್‌ಗೆ 180 ಕ್ರೆಡಿಟ್ ಆದರೆ ಸರ್ಟಿಫಿಕೇಟ್‌ಗೆ 60. ಆ 60 ನೋಡಿ ಗಾಬರಿಯಾಗಬೇಡಿ. ಅಲ್ಲಿ ಒಂದು ಕ್ರೆಡಿಟ್ ಅಂದರೆ ಓದು, ಬರಹ ಎಲ್ಲ ಸೇರಿ ಹತ್ತು ಗಂಟೆಯ ಕೆಲಸ. ನಮ್ಮಲ್ಲಿ ಹದಿನೈದು ಗಂಟೆಯ ಪಾಠಕ್ಕೆ ಒಂದು ಕ್ರೆಡಿಟ್. ಅಳತೆಗೋಲೇ ಬೇರೆ.

ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ನೆಟ್ ಅಥವಾ ಕೆ-ಸೆಟ್ ಬರೆದವರಿಗೆ ಇಲ್ಲಿನ ಪದಗಳು ಹೊಸದಲ್ಲ. ಮೊದಲನೇ ಪೇಪರಿನಲ್ಲಿ ರಿಸರ್ಚ್ ಆಪ್ಟಿಟ್ಯೂಡ್ ಅಂತ ಒಂದು ಭಾಗವೇ ಇದೆ. ಅಲ್ಲಿ ನಾಲ್ಕು ಆಯ್ಕೆಯಲ್ಲಿ ಒಂದಕ್ಕೆ ಗುರುತು ಹಾಕಿದರೆ ಮುಗಿಯಿತು. ಇಲ್ಲಿ ಅದನ್ನು ನಿಮ್ಮದೇ ವಿಷಯದ ಮೇಲೆ ಮಾಡಿ ತೋರಿಸಬೇಕು.

ವಿಷಯ ಬೇರೆ, ಪ್ರಶ್ನೆ ಬೇರೆ

"ಮೊಬೈಲಿನ ಪರಿಣಾಮ" ಅನ್ನುವುದು ವಿಷಯ. ಭಾಷಣ ಸ್ಪರ್ಧೆಗೆ ಚೆನ್ನಾಗಿರುತ್ತದೆ. ಅದಕ್ಕೆ ಉತ್ತರ ಹುಡುಕಲು ಆಗುವುದಿಲ್ಲ, ಯಾಕೆಂದರೆ ಅಲ್ಲಿ ಪ್ರಶ್ನೆಯೇ ಇಲ್ಲ.

ಮೊಬೈಲ್ ಅಂದರೆ ಏನು? ಹುಡುಗನ ಕೈಯಲ್ಲಿ ಫೋನ್ ಇದೆ ಅನ್ನುವುದಾ, ಎಷ್ಟು ಹೊತ್ತು ನೋಡುತ್ತಾನೆ ಅನ್ನುವುದಾ, ಏನು ನೋಡುತ್ತಾನೆ ಅನ್ನುವುದಾ? ವಾಟ್ಸಾಪ್‌ನಲ್ಲಿ ಬಂದ ಕೆಮಿಸ್ಟ್ರಿ ನೋಟ್ಸ್ ಓದುವುದೂ ಮೊಬೈಲೇ, ರೀಲ್ಸ್ ನೋಡುವುದೂ ಮೊಬೈಲೇ. ಓದು ಅಂದರೆ ಏನು? ಕಿರುಪರೀಕ್ಷೆಯ ಅಂಕವಾ, ಲೈಬ್ರರಿಯಿಂದ ತಂದ ಪುಸ್ತಕವಾ, ತರಗತಿಯಲ್ಲಿ ಕಣ್ಣು ಬಿಟ್ಟುಕೊಂಡು ಕೂರುವುದಾ? ಮನಸ್ಸಿನಲ್ಲಿರುವ ದೊಡ್ಡ ಮಾತನ್ನು ಅಳೆಯಲು ಬರುವ ಸಣ್ಣ ಸಂಗತಿಯಾಗಿ ಇಳಿಸಬೇಕು. ಇದಕ್ಕೆ ಆಪರೇಷನಲ್ ಡೆಫಿನಿಷನ್ ಅನ್ನುತ್ತಾರೆ. ಕೋರ್ಸಿನಲ್ಲಿ ಎಲ್ಲರೂ ಜಾಸ್ತಿ ಒದ್ದಾಡಿದ್ದು ಇಲ್ಲೇ. ಅಂಕಿಅಂಶ ಕಷ್ಟ ಅಂತ ಹೆದರಿಸುತ್ತಾರೆ. ನನ್ನ ಅನುಭವದಲ್ಲಿ ಅದಕ್ಕಿಂತ ಇದು ಕಷ್ಟ.

ಅಳೆಯುವುದಾದರೂ ಹೇಗೆ? "ದಿನಕ್ಕೆ ಎಷ್ಟು ಗಂಟೆ ಫೋನ್ ನೋಡ್ತೀಯ" ಅಂತ ಕೇಳಿದರೆ ಹುಡುಗರು "ಒಂದು ಗಂಟೆ ಮೇಡಂ" ಅನ್ನುತ್ತಾರೆ. ಸುಳ್ಳು ಅಂತಲ್ಲ, ಲೆಕ್ಕ ಇಟ್ಟಿರುವುದಿಲ್ಲ. ನನ್ನ ಫೋನಿನ ಸೆಟ್ಟಿಂಗ್ಸ್ ತೆಗೆದು ನೋಡಿದೆ. ಎರಡು ಗಂಟೆ ಇರಬಹುದು ಅಂದುಕೊಂಡಿದ್ದೆ, ಅದು ನಾಲ್ಕೂ ಮುಕ್ಕಾಲು ತೋರಿಸಿತು. ಅವತ್ತೇ ತೀರ್ಮಾನಿಸಿದೆ, ಹುಡುಗರನ್ನು ಬಾಯಿಮಾತಿನಲ್ಲಿ ಕೇಳುವುದಿಲ್ಲ, ಅವರ ಫೋನಿನ ಸ್ಕ್ರೀನ್ ಟೈಮ್ ನೋಡುತ್ತೇನೆ ಅಂತ.

ಎರಡು ತಿಂಗಳು ಕತ್ತರಿಸಿ ಕತ್ತರಿಸಿ ಕೊನೆಗೆ ನಿಂತ ಪ್ರಶ್ನೆ ಇದು: ಜಿಲ್ಲೆಯ ಸರ್ಕಾರಿ ಪಿಯು ಕಾಲೇಜುಗಳ ದ್ವಿತೀಯ ಪಿಯು ವಿದ್ಯಾರ್ಥಿಗಳಲ್ಲಿ, ರಾತ್ರಿ ಹತ್ತರ ನಂತರ ಫೋನ್ ನೋಡುವ ಸಮಯಕ್ಕೂ ಮರುದಿನ ಮೊದಲ ಪೀರಿಯಡ್ಡಿನ ಹಾಜರಾತಿಗೂ ಸಂಬಂಧ ಇದೆಯೇ? ನೋಡಲು ಚಿಕ್ಕದು. "ಇಷ್ಟೇನಾ?" ಅಂದರು ಮನೆಯವರು. ಇಷ್ಟೇ. ಆದರೆ ಇದಕ್ಕೆ "ಇಲ್ಲ" ಅನ್ನುವ ಉತ್ತರವೂ ಬರಬಹುದು. ಮೊದಲಿನದಕ್ಕೆ ಆ ಅವಕಾಶವೇ ಇರಲಿಲ್ಲ.

ಪ್ರಶ್ನೆ ಹೀಗೆ ಸಣ್ಣದಾಗಬೇಕಾದರೆ ಮುಂಚೆ ಯಾರು ಏನು ಮಾಡಿದ್ದಾರೆ ಅಂತ ಓದಿರಬೇಕು. ನಮ್ಮಲ್ಲಿ ಅದಕ್ಕೆ ದೊಡ್ಡ ಅನುಕೂಲ ಶೋಧಗಂಗಾ. ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಸಂಸ್ಥೆ ನಡೆಸುವ ಈ ತಾಣದಲ್ಲಿ ದೇಶದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳು ಪೂರ್ತಿಯಾಗಿ, ಪುಕ್ಕಟೆಯಾಗಿ ಓದಲು ಸಿಗುತ್ತವೆ. ಕನ್ನಡದಲ್ಲಿ ಬರೆದವೂ ಇವೆ. ಓದಿದ್ದನ್ನು "ಇವರು ಹೀಗೆ ಹೇಳಿದ್ದಾರೆ, ಅವರು ಹಾಗೆ ಹೇಳಿದ್ದಾರೆ" ಅಂತ ಮದುವೆ ಮುಯ್ಯಿ ಪಟ್ಟಿಯ ಹಾಗೆ ಬರೆದುಕೊಂಡು ಹೋದರೆ ಅದು ಸಾಹಿತ್ಯ ಸಮೀಕ್ಷೆ ಆಗುವುದಿಲ್ಲ. ಇವರಿಬ್ಬರೂ ಎಲ್ಲಿ ಜಗಳ ಆಡುತ್ತಿದ್ದಾರೆ, ಇಬ್ಬರೂ ಎಲ್ಲಿ ನೋಡಿಯೇ ಇಲ್ಲ, ಅದನ್ನು ಹುಡುಕಬೇಕು.

ಎಂಟು ಲೋಟ ಕಾಫಿ

ಇನ್ನು ಎಲ್ಲರೂ ಹೆದರುವ ಪಿ-ವ್ಯಾಲ್ಯೂಗೆ ಬರೋಣ. ಇದರ ಹಿಂದೆ ಒಂದು ಟೀ ಕಥೆ ಇದೆ. 1920ರ ದಶಕ, ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರ. ಅಲ್ಲಿ ಕೆಲಸ ಮಾಡುತ್ತಿದ್ದ ಮ್ಯೂರಿಯಲ್ ಬ್ರಿಸ್ಟಲ್ ಅನ್ನುವ ವಿಜ್ಞಾನಿ, ಕಪ್ಪಿಗೆ ಮೊದಲು ಹಾಲು ಹಾಕಿದ್ದಾರೋ ಟೀ ಹಾಕಿದ್ದಾರೋ ಕುಡಿದೇ ಹೇಳುತ್ತೇನೆ ಅಂದರಂತೆ. ಪಕ್ಕದಲ್ಲಿದ್ದವರು ಸಂಖ್ಯಾಶಾಸ್ತ್ರಜ್ಞ ಆರ್.ಎ. ಫಿಶರ್. ನಗಾಡಿ ಸುಮ್ಮನಾಗದೆ, ಅದಕ್ಕೊಂದು ಪರೀಕ್ಷೆಯನ್ನೇ ಕಟ್ಟಿದರು.

ನಮ್ಮ ಮನೆಯಲ್ಲಿ ಅಮ್ಮನಿಗೂ ಇದೇ ಹಟ ಇದೆ. ಲೋಟಕ್ಕೆ ಮೊದಲು ಡಿಕಾಕ್ಷನ್ ಹಾಕಿ ಮೇಲೆ ಹಾಲು ಹುಯ್ದರೆ ಅದು ಕಾಫಿ, ಹಾಲಿಗೆ ಡಿಕಾಕ್ಷನ್ ಹಾಕಿದರೆ ಅದು ಬೇರೇನೋ. "ಒಂದು ಗುಟುಕಲ್ಲಿ ಹೇಳ್ತೀನಿ" ಅನ್ನುತ್ತಾರೆ. ಒಂದು ಭಾನುವಾರ ಫಿಶರ್ ಮಾಡಿದ್ದನ್ನೇ ಮಾಡಿದೆವು. ಎಂಟು ಲೋಟ. ನಾಲ್ಕಕ್ಕೆ ಡಿಕಾಕ್ಷನ್ ಮೊದಲು, ನಾಲ್ಕಕ್ಕೆ ಹಾಲು ಮೊದಲು. ಯಾವುದು ಯಾವ ಜಾಗದಲ್ಲಿ ಅಂತ ಚೀಟಿ ಎತ್ತಿ ಇಟ್ಟೆವು. ಅಮ್ಮ ಹಜಾರದಲ್ಲಿ ಕೂತಿದ್ದರು, ಅಡುಗೆಮನೆ ಕಾಣಿಸುವ ಹಾಗಿರಲಿಲ್ಲ. ಡಿಕಾಕ್ಷನ್ ಮೊದಲು ಹಾಕಿದ ನಾಲ್ಕು ಯಾವುವು ಅಂತ ಅವರು ಆರಿಸಬೇಕು.

ಇಲ್ಲಿ ತಲೆ ಓಡಿಸಬೇಕಾದ ಜಾಗ ಬರುತ್ತದೆ. ಅಮ್ಮನಿಗೆ ನಿಜಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ, ಸುಮ್ನೆ ಅಂದಾಜಿನಲ್ಲಿ ಆರಿಸುತ್ತಾರೆ ಅಂತಲೇ ಇಟ್ಟುಕೊಳ್ಳೋಣ. ಈ "ಏನೂ ಇಲ್ಲ" ಅನ್ನುವ ಊಹೆಯೇ ನಲ್ ಹೈಪಾಥಿಸಿಸ್. ಎಂಟರಲ್ಲಿ ನಾಲ್ಕನ್ನು ಆರಿಸಲು ಒಟ್ಟು 70 ದಾರಿಗಳಿವೆ. ಅದರಲ್ಲಿ ಪೂರ್ತಿ ಸರಿಯಾದದ್ದು ಒಂದೇ. ಅಂದರೆ ಬರೀ ಅಂದಾಜಿನಲ್ಲಿ ನಾಲ್ಕಕ್ಕೆ ನಾಲ್ಕೂ ಸರಿ ಬರುವ ಸಾಧ್ಯತೆ 70ರಲ್ಲಿ 1, ಸುಮಾರು ಶೇ 1.4. ಹಾಗೇನಾದರೂ ಬಂದರೆ "ಇದು ಅದೃಷ್ಟ ಇರಲಿಕ್ಕಿಲ್ಲ" ಅನ್ನಬಹುದು. ಆ 0.014 ಅನ್ನುವುದೇ ಪಿ-ವ್ಯಾಲ್ಯೂ. ಏನೂ ವಿಶೇಷ ಇಲ್ಲದಿದ್ದರೂ ಇಂಥ ಫಲಿತಾಂಶ, ಅಥವಾ ಇದಕ್ಕಿಂತ ಜೋರಾದದ್ದು, ಬರೀ ಅದೃಷ್ಟದಿಂದ ಬರುವ ಸಾಧ್ಯತೆ ಎಷ್ಟು ಅನ್ನುವ ಲೆಕ್ಕ. ಅಷ್ಟೇ.

ಅಮ್ಮನಿಗೆ ನಾಲ್ಕರಲ್ಲಿ ಮೂರು ಸರಿ ಬಂತು. ಮನೆಯಲ್ಲಿ ಚಪ್ಪಾಳೆ. ನಾನು ಪೆನ್ನು ಹಿಡಿದೆ. ಸರಿಯಾದ ನಾಲ್ಕರಲ್ಲಿ ಮೂರು, ತಪ್ಪಾದ ನಾಲ್ಕರಲ್ಲಿ ಒಂದು ಸೇರಿ ಆರಿಸಲು 16 ದಾರಿ. ಪೂರ್ತಿ ಸರಿ ಇರುವ ಒಂದನ್ನೂ ಸೇರಿಸಿದರೆ 17. ಎಪ್ಪತ್ತರಲ್ಲಿ ಹದಿನೇಳು, ಅಂದರೆ ಶೇ 24. ನಾಲ್ಕು ಜನ ಕಣ್ಣು ಮುಚ್ಚಿಕೊಂಡು ಆರಿಸಿದರೆ ಒಬ್ಬರಿಗೆ ಇಷ್ಟು ಸುಲಭವಾಗಿ ಬರುತ್ತದೆ. ಸಾಮಾನ್ಯವಾಗಿ ಶೇ 5ಕ್ಕಿಂತ ಕಡಿಮೆ ಇದ್ದರೆ ಮಾತ್ರ ಮುಂದೆ ಮಾತು. ಆ ಐದು ಎಲ್ಲರೂ ರೂಢಿಗೆ ತಂದುಕೊಂಡ ಗೆರೆ, ದೇವರು ಬರೆದದ್ದಲ್ಲ.

"ಹಾಗಾದ್ರೆ ನಂಗೆ ಗೊತ್ತಾಗಲ್ಲ ಅಂತನಾ?" ಅಮ್ಮ ಗುರ್ ಅಂದರು. ಅಲ್ಲ. ಗೊತ್ತಾಗುತ್ತದೆ ಅಂತ ಹೇಳಲು ಸಾಕ್ಷಿ ಸಾಲದು ಅಂತ. ಎರಡೂ ಒಂದೇ ಅಲ್ಲ. ಪ್ರಬಂಧಗಳಲ್ಲಿ ಪಿ-ವ್ಯಾಲ್ಯೂ 0.05 ದಾಟಿದ ಕೂಡಲೇ "ಸಂಬಂಧವಿಲ್ಲವೆಂದು ಸಾಬೀತಾಯಿತು" ಅಂತ ಬರೆದುಬಿಡುತ್ತಾರೆ. ಸಾಬೀತಾಗಿರುವುದಿಲ್ಲ. ಎಂಟೇ ಲೋಟದಲ್ಲಿ ಏನು ಸಾಬೀತಾದೀತು?

ಅಮ್ಮ ಬಿಡಲಿಲ್ಲ. "ಆ ತಪ್ಪಿದ ಲೋಟ ಆರಿ ಹೋಗಿತ್ತು ಕಣೆ. ಆರಿದ ಕಾಫೀಲಿ ರುಚಿ ಏನು ಗೊತ್ತಾಗುತ್ತೆ?" ಇದನ್ನು ಮೆಥಡಾಲಜಿ ಮೇಷ್ಟ್ರಿಗೆ ಹೇಳಿದಾಗ ಅವರು ಖುಷಿಪಟ್ಟರು. "ನಿಮ್ಮ ತಾಯಿ ನಿಮಗಿಂತ ಮುಂದಿದ್ದಾರೆ" ಅಂದರು. ಬಿಸಿ ಅನ್ನುವುದನ್ನು ನಾವು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅಳೆಯಬೇಕಾದದ್ದರ ಜೊತೆ ಕಲಸಿಕೊಂಡು ಬರುವ ಇಂಥ ಸಂಗತಿಗೆ ಕನ್‌ಫೌಂಡರ್ ಅನ್ನುತ್ತಾರೆ. ಚೀಟಿ ಎತ್ತಿ ಲೋಟ ಇಡುವುದು ಅದಕ್ಕೇ: ಆರಿದ ಲೋಟಗಳು ಒಂದೇ ಕಡೆ ಬೀಳದಿರಲಿ ಅಂತ.

ಈ ಕಲಸುಮೇಲೋಗರ ಕಾಫಿಯಲ್ಲಿ ಇದ್ದರೆ ನಷ್ಟವಿಲ್ಲ. "ಟ್ಯೂಷನ್‌ಗೆ ಹೋಗುವ ಮಕ್ಕಳಿಗೆ ಎಸ್ಸೆಸ್ಸೆಲ್ಸಿಯಲ್ಲಿ ಜಾಸ್ತಿ ಅಂಕ" ಅನ್ನುವ ಮಾತು ತೆಗೆದುಕೊಳ್ಳಿ. ಟ್ಯೂಷನ್‌ಗೆ ಕಳಿಸುವ ಮನೆಯಲ್ಲಿ ದುಡ್ಡಿದೆ, ಓದಲು ಒಂದು ಕೋಣೆ ಇದೆ, ಓದಿದ ಅಪ್ಪ ಅಮ್ಮ ಇದ್ದಾರೆ. ಅಂಕ ತಂದದ್ದು ಟ್ಯೂಷನ್ನಾ, ಮನೆಯಾ? ನನ್ನ ಪ್ರಶ್ನೆಯಲ್ಲೂ ಅದೇ ತೊಡಕು. ರಾತ್ರಿ ಫೋನ್ ನೋಡುವ ಹುಡುಗ ಬೆಳಿಗ್ಗೆ ಮೊದಲ ಪೀರಿಯಡ್ ತಪ್ಪಿಸಿದ. ಫೋನ್ ಕಾರಣವೋ, ಅವನ ಊರಿನ ಬಸ್ಸು ಬರುವುದೇ ಒಂಬತ್ತೂವರೆಗೋ?

ಒಂದು ಅಗುಳು ಸಾಕೇ?

ಅನ್ನ ಬೆಂದಿದೆಯಾ ನೋಡಲು ಒಂದು ಅಗುಳು ಹಿಸುಕಿದರೆ ಸಾಕು ಅನ್ನುತ್ತಾರೆ. ಸ್ಯಾಂಪ್ಲಿಂಗ್, ಅಂದರೆ ಎಲ್ಲರನ್ನೂ ಕೇಳದೆ ಕೆಲವರನ್ನು ಮಾದರಿಯಾಗಿ ಆರಿಸುವ ಪಾಠ, ಶುರುವಾಗುವುದೇ ಈ ಮಾತಿನಿಂದ. ಆದರೆ ಅದು ನಿಜವಾಗುವುದು ಯಾಕೆ? ಒಂದೇ ಅಕ್ಕಿ, ಒಂದೇ ಪಾತ್ರೆ, ಒಂದೇ ಉರಿ. ಸಾಂಬಾರಿನಲ್ಲಿ ಉಪ್ಪು ನೋಡಬೇಕಾದರೆ ಸೌಟು ಹಾಕಿ ತಳದಿಂದ ತಿರುವಿಯೇ ನೋಡುತ್ತೇವೆ, ಅಲ್ವಾ? ಜನ ಅನ್ನದ ಹಾಗಿಲ್ಲ, ಸಾಂಬಾರಿನ ಹಾಗೆ. ಅವರನ್ನು ತಿರುವಲು ಸೌಟಿಲ್ಲ. ಅದಕ್ಕೇ ಪಟ್ಟಿ ಇಟ್ಟುಕೊಂಡು, ಪ್ರತಿಯೊಬ್ಬರಿಗೂ ಆಯ್ಕೆಯಾಗುವ ಅವಕಾಶ ಇರುವ ಹಾಗೆ ಚೀಟಿ ಎತ್ತಬೇಕು. ರ‍್ಯಾಂಡಮ್ ಅಂದರೆ ಸಿಕ್ಕಸಿಕ್ಕವರು ಅಂತ ಅರ್ಥವಲ್ಲ. ಎಷ್ಟೋ ಪ್ರಬಂಧಗಳಲ್ಲಿ ಈ ಎರಡೂ ಒಂದೇ ಆಗಿಬಿಟ್ಟಿವೆ.

ಶೋಧಗಂಗಾದಲ್ಲಿ ಸಮಾಜವಿಜ್ಞಾನ, ವಾಣಿಜ್ಯದ ಪ್ರಬಂಧಗಳನ್ನು ತೆಗೆದು ನೋಡಿ. ಮಾದರಿಗೆ ಆರಿಸಿದ ಜನರ ಲೆಕ್ಕವಾಗಿ 384 ಅನ್ನುವ ಸಂಖ್ಯೆ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಯಾಕೆ 384? ಜನಸಂಖ್ಯೆ ತುಂಬ ದೊಡ್ಡದಿದ್ದಾಗ, ಶೇ 95 ಭರವಸೆಯಲ್ಲಿ (ಅಂದರೆ ನೂರು ಸಲ ಮಾಡಿದರೆ ಸುಮಾರು ತೊಂಬತ್ತೈದು ಸಲ ನಿಲ್ಲುವ ಹಾಗೆ), ಶೇ 5 ಆಚೀಚೆಯ ಒಳಗೆ ಉತ್ತರ ಬೇಕು ಅಂದರೆ ಸೂತ್ರ ಕೊಡುವ ಸಂಖ್ಯೆ ಅದು. ಒಂದು ಜಿಲ್ಲೆಯಿರಲಿ, ಇಡೀ ಕರ್ನಾಟಕವಿರಲಿ, ಹೆಚ್ಚುಕಡಿಮೆ ಅಷ್ಟೇ ಸಾಕು. ಮೊದಲು ಕೇಳಿದಾಗ ನಂಬಲಿಕ್ಕೆ ಆಗುವುದಿಲ್ಲ. ಕೊಳಗ ದೊಡ್ಡದಾದ ಮಾತ್ರಕ್ಕೆ ಉಪ್ಪು ನೋಡಲು ಇನ್ನೂ ದೊಡ್ಡ ಚಮಚ ಬೇಡವಲ್ಲ, ಹಾಗೆ. ಆದರೆ ಆಚೀಚೆಯನ್ನು ಅರ್ಧಕ್ಕೆ ಇಳಿಸಬೇಕು ಅಂದರೆ ಮಾದರಿ ನಾಲ್ಕು ಪಟ್ಟು ಆಗಬೇಕು. ಶೇ 2.5ಕ್ಕೆ ತರಲು 1,537 ಜನ ಬೇಕು.

ಆ 384ರ ಹಿಂದೆ ಒಂದು ಷರತ್ತಿದೆ: ಚೀಟಿ ಎತ್ತಿಯೇ ಆರಿಸಿರಬೇಕು. ಗೂಗಲ್ ಫಾರ್ಮ್ ಮಾಡಿ ನಾಲ್ಕು ವಾಟ್ಸಾಪ್ ಗುಂಪಿಗೆ ಹಾಕಿ, ತುಂಬಿದವರ ಲೆಕ್ಕ 384 ಆದ ಕೂಡಲೇ ಮುಚ್ಚಿದರೆ ಅದು ನಿಮ್ಮ ಪರಿಚಯದವರ ಸರ್ವೆ. ಹತ್ತು ಸಾವಿರ ಜನ ತುಂಬಿದರೂ ಅಷ್ಟೇ. ತಿರುವದ ಸಾಂಬಾರಿನ ಮೇಲುಗಡೆಯಿಂದ ಎಷ್ಟು ಚಮಚ ಕುಡಿದರೂ ತಳದ ಉಪ್ಪು ಗೊತ್ತಾಗುವುದಿಲ್ಲ.

ಈ ಕೆಲಸವನ್ನು ನಮ್ಮ ದೇಶದಲ್ಲಿ ಶಿಸ್ತಿಗೆ ತಂದವರು ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಾಲನೋಬಿಸ್. ಕಲ್ಕತ್ತದಲ್ಲಿ 1931ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಕಟ್ಟಿದರು. ಅದರ ಒಂದು ಕೇಂದ್ರ ಬೆಂಗಳೂರಿನ ಮೈಸೂರು ರಸ್ತೆಯಲ್ಲೂ ಇದೆ. ಬಂಗಾಳದಲ್ಲಿ ಸೆಣಬಿನ ಬೆಳೆಯ ಸರ್ವೆ ಮಾಡುವಾಗ ಅವರಿಗೆ ಬರೀ ಹೊಲದ ಚಿಂತೆ ಇರಲಿಲ್ಲ, ಲೆಕ್ಕ ಬರೆಯುವವರ ಚಿಂತೆಯೂ ಇತ್ತು. ಹಾಗಾಗಿ ಒಂದೇ ಪ್ರದೇಶದಿಂದ ಎರಡು ಮಾದರಿ ಆರಿಸಿ, ಎರಡು ಬೇರೆ ಬೇರೆ ತಂಡಗಳನ್ನು ಕಳಿಸುತ್ತಿದ್ದರು. ಎರಡೂ ಉತ್ತರ ಹತ್ತಿರ ಹತ್ತಿರ ಬಂದರೆ ಸರಿ. ದೂರ ಬಂದರೆ ಎಲ್ಲೋ ಏನೋ ಎಡವಟ್ಟಾಗಿದೆ. ನಮ್ಮ ಮೇಷ್ಟ್ರು ಕೇಳಿದ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಸಿಕ್ಕಿಲ್ಲ.

"ಪರವಾಗಿಲ್ಲ" ಅಂದರೆ ಎಷ್ಟು ಅಂಕ?

ಪ್ರಶ್ನಾವಳಿ ಬರೆಯುವುದು ಸುಲಭ ಅಂತ ನಾನೂ ಅಂದುಕೊಂಡಿದ್ದೆ. ಮೊದಲ ಕರಡಿನಲ್ಲಿ ಒಂದು ಪ್ರಶ್ನೆ ಹೀಗಿತ್ತು: "ನಿಮ್ಮ ಕಾಲೇಜಿನ ಗ್ರಂಥಾಲಯ ಮತ್ತು ತರಗತಿ ಕೊಠಡಿಗಳು ತೃಪ್ತಿಕರವಾಗಿವೆಯೇ?" ಗ್ರಂಥಾಲಯ ಚೆನ್ನಾಗಿದ್ದು ಕೊಠಡಿ ಸೋರುತ್ತಿದ್ದರೆ ಹುಡುಗ ಏನು ಬರೆಯಬೇಕು? ಒಂದೇ ಪ್ರಶ್ನೆಯಲ್ಲಿ ಎರಡು ಪ್ರಶ್ನೆ. ಕೆಂಪು ಗೆರೆ ಬಿತ್ತು.

ಆಮೇಲೆ ಬರುತ್ತದೆ ಐದು ಮೆಟ್ಟಿಲಿನ ಅಳತೆ. ಪೂರ್ತಿ ಒಪ್ಪುತ್ತೇನೆ ಅನ್ನುವಲ್ಲಿಂದ ಒಪ್ಪುವುದೇ ಇಲ್ಲ ಅನ್ನುವವರೆಗೆ. ಇದನ್ನು 1932ರಲ್ಲಿ ಮುಂದಿಟ್ಟವರು ಅಮೆರಿಕದ ಮನೋವಿಜ್ಞಾನಿ ರೆನ್ಸಿಸ್ ಲಿಕರ್ಟ್. ನಾವೆಲ್ಲ "ಲೈಕರ್ಟ್" ಅನ್ನುತ್ತೇವೆ, ಅವರು ತಮ್ಮ ಹೆಸರನ್ನು ಲಿಕರ್ಟ್ ಅಂತಲೇ ಹೇಳುತ್ತಿದ್ದರು. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಸರಿಯಾಗಿ ಹೇಳಿದರೆ ತಪ್ಪು ಅಂತ ತಿದ್ದುವವರು ಸಿಗಬಹುದು, ಎಚ್ಚರ.

ಇಂಗ್ಲಿಷಿನಲ್ಲಿ ಹುಟ್ಟಿದ ಅಳತೆಯನ್ನು ಕನ್ನಡಕ್ಕೆ ತಂದಾಗ ಏನಾಗುತ್ತದೆ ಅನ್ನುವುದು ಬೇರೆಯೇ ಕಥೆ. ಎಷ್ಟೋ ಪ್ರಶ್ನಾವಳಿಗಳಲ್ಲಿ "ಬಲವಾಗಿ ಒಪ್ಪುತ್ತೇನೆ" ಅಂತ ಇರುತ್ತದೆ. ಯಾವ ಊರಿನಲ್ಲಿ ಯಾರು ಹಾಗೆ ಮಾತಾಡುತ್ತಾರೆ? ಪೈಲಟ್ ಸ್ಟಡಿಗೆ, ಅಂದರೆ ಮುಖ್ಯ ಅಧ್ಯಯನಕ್ಕೆ ಮುಂಚೆ ಸಣ್ಣದಾಗಿ ಮಾಡಿ ನೋಡುವುದಕ್ಕೆ ಅಂತ ಹತ್ತು ಹನ್ನೆರಡು ಪೋಷಕರನ್ನು ಮಾತಾಡಿಸಲು ಹೋಗಿದ್ದೆ. "ಮಗನ ಓದು ಹೇಗಿದೆ?" ಅಂದರೆ ಹೆಚ್ಚಿನವರದ್ದು ಒಂದೇ ಉತ್ತರ: "ಪರವಾಗಿಲ್ಲ." ಇದನ್ನು ಐದರಲ್ಲಿ ಯಾವ ಮೆಟ್ಟಿಲಿಗೆ ಹಾಕಲಿ? ಒಬ್ಬರು ಅದನ್ನೇ ನಗುತ್ತ ಹೇಳಿದರೆ "ತುಂಬ ಚೆನ್ನಾಗಿದೆ, ದೃಷ್ಟಿ ಆಗದಿರಲಿ" ಅಂತ ಅರ್ಥ. ಇನ್ನೊಬ್ಬರು ನಿಟ್ಟುಸಿರು ಬಿಟ್ಟು ಹೇಳಿದರೆ ಹುಡುಗ ಮೂರು ವಿಷಯದಲ್ಲಿ ಫೇಲು. ಇನ್ನೊಂದು ಮನೆಯಲ್ಲಿ ಅಜ್ಜಿ, "ನೀವು ಓದಿದೋರು ಕಣಮ್ಮ, ನೀವೇ ಏನಾದ್ರೂ ಹಾಕ್ಕೊಳಿ" ಅಂದರು. ಕೇಳಿದ್ದಕ್ಕೆಲ್ಲ ಹೂಂ ಅನ್ನುವುದು ನಮ್ಮಲ್ಲಿ ಮರ್ಯಾದೆ. ಅದು ಅಭಿಪ್ರಾಯವಾಗುವುದಿಲ್ಲ.

ಕೊನೆಗೆ "ಪರವಾಗಿಲ್ಲ" ಅನ್ನುವ ಆಯ್ಕೆಯನ್ನೇ ತೆಗೆದೆ. ಅಭಿಪ್ರಾಯ ಕೇಳುವ ಬದಲು "ಕಳೆದ ವಾರ ಎಷ್ಟು ದಿನ ಮನೆಯಲ್ಲಿ ಪುಸ್ತಕ ಹಿಡಿದಿದ್ದು ನೋಡಿದಿರಿ?" ಅಂತ ಕೇಳಿದೆ. ಬೆರಳು ಮಡಚಿ ಎಣಿಸಿ ಹೇಳಿದರು. ಇಂಗ್ಲಿಷಿನಲ್ಲಿ ಸಿದ್ಧವಿರುವ ಪ್ರಶ್ನಾವಳಿ ಬಳಸುವವರು ಅದನ್ನು ಕನ್ನಡಕ್ಕೆ ತಂದು, ಮೂಲ ನೋಡದ ಇನ್ನೊಬ್ಬರಿಂದ ಮತ್ತೆ ಇಂಗ್ಲಿಷಿಗೆ ಮಾಡಿಸಿ, ಎರಡನ್ನೂ ಹೋಲಿಸಬೇಕು. ಈ ಒಂದು ಕೆಲಸ ಮಾಡಿದರೆ ಅರ್ಧ ಅನಾಹುತ ತಪ್ಪುತ್ತದೆ.

ರಿಲಯಬಿಲಿಟಿ, ವ್ಯಾಲಿಡಿಟಿ ಅನ್ನುವ ಜೋಡಿ ಪರೀಕ್ಷೆಯಲ್ಲಿ ಬಂದೇ ಬರುತ್ತದೆ. ಸಂತೆಯ ತಕ್ಕಡಿ ನೆನಪಿಸಿಕೊಳ್ಳಿ. ಪ್ರತಿ ಸಲವೂ ಒಂದು ಕೆಜಿಗೆ ಸರಿಯಾಗಿ ನೂರು ಗ್ರಾಂ ಕಡಿಮೆ ತೂಗುವ ತಕ್ಕಡಿ ಇದೆ. ಅದರಷ್ಟು ನಿಯತ್ತು ಇನ್ನೊಂದಿಲ್ಲ, ಯಾವಾಗ ಕೇಳಿದರೂ ಒಂದೇ ಉತ್ತರ. ಅದು ರಿಲಯಬಲ್. ಆದರೆ ಉತ್ತರ ತಪ್ಪು, ವ್ಯಾಲಿಡ್ ಅಲ್ಲ. ಕ್ರಾನ್‌ಬಾಕ್ ಆಲ್ಫಾ 0.7 ದಾಟಿತು ಅಂತ ಸಂಭ್ರಮಿಸುವವರು ಇದನ್ನು ಮರೆಯುತ್ತಾರೆ. ಆ ಸಂಖ್ಯೆ ಹೇಳುವುದು ನಿಮ್ಮ ಪ್ರಶ್ನೆಗಳು ಒಂದಕ್ಕೊಂದು ಹೊಂದಿಕೊಂಡು ಹೋಗುತ್ತಿವೆ ಅಂತ ಮಾತ್ರ. ಎಲ್ಲ ಸೇರಿ ತಪ್ಪು ವಸ್ತುವನ್ನೇ ಅಳೆಯುತ್ತಿರಬಹುದು.

ಅಂದ ಹಾಗೆ ಲೆಕ್ಕಕ್ಕೆ ಎಸ್‌ಪಿಎಸ್‌ಎಸ್ ಅನ್ನುವ ಸಾಫ್ಟ್‌ವೇರ್ ಬೇಕೇ ಬೇಕು ಅಂತ ದುಡ್ಡು ಸುರಿಯಬೇಡಿ. ಆರ್, ಜಮೋವಿ ಎರಡೂ ಉಚಿತ. ಸಾಮಾನ್ಯ ಪ್ರಬಂಧಕ್ಕೆ ಧಾರಾಳ ಸಾಕು.

ಎಣಿಸದೆ ತಿಳಿಯುವುದು

ಎಲ್ಲವನ್ನೂ ಎಣಿಸಬೇಕಾಗಿಲ್ಲ. ಹುಡುಗ ರಾತ್ರಿ ಫೋನ್ ಯಾಕೆ ಹಿಡಿಯುತ್ತಾನೆ ಅನ್ನುವುದಕ್ಕೆ 384 ಟಿಕ್ ಮಾರ್ಕುಗಳಿಗಿಂತ ಆರು ಹುಡುಗರ ಜೊತೆ ಎರಡೆರಡು ಗಂಟೆ ಕೂತು ಮಾತಾಡುವುದು ಜಾಸ್ತಿ ಹೇಳಬಹುದು. ಇದು ಗುಣಾತ್ಮಕ ಸಂಶೋಧನೆ. ಸುಲಭದ ದಾರಿ ಅಂದುಕೊಂಡು ಬರುವವರು ಮೂರನೇ ಸಂದರ್ಶನದ ಅಕ್ಷರಶಃ ಬರಹ ಮಾಡುವಷ್ಟರಲ್ಲಿ ಸುಸ್ತಾಗಿರುತ್ತಾರೆ.

ಇದಕ್ಕೆ ನಮ್ಮ ನೆಲದಲ್ಲೇ ದೊಡ್ಡ ಉದಾಹರಣೆ ಇದೆ. ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರಿನ ಹತ್ತಿರದ ಒಂದು ಹಳ್ಳಿಗೆ ಹೋಗಿ ತಿಂಗಳುಗಟ್ಟಲೆ ಉಳಿದರು. ಬರಹದಲ್ಲಿ ಆ ಊರಿಗೆ ರಾಂಪುರ ಅಂತ ಹೆಸರಿಟ್ಟರು. ಅದು ಊರಿನ ಅಸಲಿ ಹೆಸರಲ್ಲ. ಮಾತಾಡಿಸಿದ ಜನರಿಗೆ ತೊಂದರೆ ಆಗದಿರಲಿ ಅಂತ ಹೀಗೆ ಹೆಸರು ಮರೆಸುವುದು ಇವತ್ತಿಗೂ ಕೋರ್ಸಿನಲ್ಲಿ ಹೇಳಿಕೊಡುವ ಪದ್ಧತಿ. "ಪ್ರಬಲ ಜಾತಿ" ಅನ್ನುವ, ಇವತ್ತು ಎಲ್ಲ ಚುನಾವಣೆ ಚರ್ಚೆಯಲ್ಲೂ ಕೇಳಿಬರುವ ಪರಿಕಲ್ಪನೆ ಗಟ್ಟಿಯಾದದ್ದು ಆ ಊರಿನ ಅಧ್ಯಯನದಲ್ಲಿ. ಊರಿನ ಮುಖಂಡರ ಆಶ್ರಯದಲ್ಲಿ ಇದ್ದ ಬ್ರಾಹ್ಮಣ ಯುವಕನಿಗೆ ಕಂಡ ಊರು ಮೇಲುಜಾತಿಯ ಕಣ್ಣಿನ ಊರು ಅನ್ನುವ ಮಿತಿಯನ್ನೂ ಅವರು ಮುಚ್ಚಿಡಲಿಲ್ಲ. ನೋಡುವವರು ಎಲ್ಲಿ ನಿಂತಿದ್ದಾರೆ ಅಂತ ಹೇಳಿಕೊಳ್ಳುವುದೂ ಈ ವಿಧಾನದ ಭಾಗ.

1970ರ ಏಪ್ರಿಲ್ 24ರಂದು ಅವರು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿದ್ದರು. ಅವರು ಕೆಲಸ ಮಾಡುತ್ತಿದ್ದ ಕೇಂದ್ರಕ್ಕೆ ಯಾರೋ ಬೆಂಕಿ ಹಚ್ಚಿದರು. ವರ್ಷಗಟ್ಟಲೆ ವಿಂಗಡಿಸಿ ಸಿದ್ಧಮಾಡಿಕೊಂಡಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು ಅಲ್ಲೇ ಇದ್ದವು, ಮೂರೂ ಸುಟ್ಟವು. ಹೆಚ್ಚಾಗಿ ನೆನಪಿನ ಮೇಲೆಯೇ ನಿಂತು ಅವರು ಬರೆದ ಪುಸ್ತಕ 1976ರಲ್ಲಿ ಬಂತು, ದೊಡ್ಡ ಹೆಸರು ಮಾಡಿತು. ಇವತ್ತು ನಮ್ಮ ಕಮಿಟಿಯ ಮುಂದೆ ನಿಂತು "ನೆನಪಿನಿಂದ ಬರೀತೀನಿ ಸರ್" ಅಂದರೆ ಸಿನಾಪ್ಸಿಸ್ (ಸಂಶೋಧನೆಯ ರೂಪುರೇಷೆ) ಅವತ್ತೇ ವಾಪಸ್. ಪ್ರತಿ ಮೂರಿದ್ದರೆ ಸಾಲದು, ಮೂರು ಬೇರೆ ಬೇರೆ ಜಾಗದಲ್ಲಿರಬೇಕು. ನನ್ನ ಡೇಟಾ ಒಂದು ಲ್ಯಾಪ್‌ಟಾಪಿನಲ್ಲಿ, ಒಂದು ಗೂಗಲ್ ಡ್ರೈವಿನಲ್ಲಿ, ಒಂದು ತಂಗಿಯ ಮನೆಯ ಬೀರುವಿನಲ್ಲಿ ಇದೆ.

ನಕಲು, ಒಪ್ಪಿಗೆ, ಜರ್ನಲ್

ನೀತಿಯ ಪೇಪರನ್ನು ಎಲ್ಲರೂ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಆಮೇಲೆ ಕಾಡುವುದು ಅದೇ. ಯುಜಿಸಿಯ 2018ರ ನಿಯಮದ ಪ್ರಕಾರ ಪ್ರಬಂಧದಲ್ಲಿ ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ. ಶೇ 10ರಿಂದ 40ರವರೆಗೆ ಇದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. 40ರಿಂದ 60 ಆದರೆ ಒಂದು ವರ್ಷ ಸಲ್ಲಿಸುವ ಹಾಗಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಇದನ್ನು "ಹತ್ತು ಪರ್ಸೆಂಟ್ ಕದಿಯಬಹುದು" ಅಂತ ಓದಿಕೊಂಡವರೂ ಇದ್ದಾರೆ! ಪದಗಳನ್ನು ಅದಲುಬದಲು ಮಾಡಿ ಸಾಫ್ಟ್‌ವೇರಿನ ಕಣ್ಣು ತಪ್ಪಿಸಿದರೂ ಇನ್ನೊಬ್ಬರ ಯೋಚನೆಯನ್ನು ಹೆಸರು ಹೇಳದೆ ಬಳಸಿದರೆ ಅದು ಕಳ್ಳತನವೇ. ನಮ್ಮ ಬ್ಯಾಚಿನ ಒಬ್ಬರು ಚಾಟ್‌ಜಿಪಿಟಿ ಕೊಟ್ಟ ಉಲ್ಲೇಖಗಳನ್ನು ಹಾಗೇ ಹಾಕಿದ್ದರು. ಹುಡುಕಿದರೆ ಅದರಲ್ಲಿ ಮೂರು ಲೇಖನಗಳು ಲೋಕದಲ್ಲೇ ಇರಲಿಲ್ಲ.

ಒಪ್ಪಿಗೆ ಅಂದರೆ ಹಾಳೆಯ ಕೊನೆಯಲ್ಲಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದಲ್ಲ. ಯಾಕೆ ಕೇಳುತ್ತಿದ್ದೇವೆ, ಯಾವಾಗ ಬೇಕಾದರೂ "ಸಾಕು" ಅನ್ನಬಹುದು ಅಂತ ಅವರಿಗೆ ಅರ್ಥವಾಗಿರಬೇಕು. ನನ್ನ ವಿದ್ಯಾರ್ಥಿಗಳಿಗೆ ನಾನೇ ಪ್ರಶ್ನಾವಳಿ ಕೊಟ್ಟರೆ ಅವರು ಬೇಡ ಅನ್ನಲು ಸಾಧ್ಯವೇ? ಇಂಟರ್ನಲ್ ಅಂಕ ಹಾಕುವವಳು ನಾನೇ ಅಲ್ಲವೇ? ಹಾಗಾಗಿ ನನ್ನ ಕಾಲೇಜನ್ನೇ ಪಟ್ಟಿಯಿಂದ ತೆಗೆದೆ.

ಜರ್ನಲ್ ವಿಷಯ ಬೇಗ ಮುಗಿಸುತ್ತೇನೆ. 2022ರ ನಿಯಮದಲ್ಲಿ ಪಿಎಚ್‌ಡಿ ಸಲ್ಲಿಸಲು ಲೇಖನ ಪ್ರಕಟಿಸಲೇಬೇಕು ಅನ್ನುವ ಯುಜಿಸಿ ಷರತ್ತು ಇಲ್ಲ. ಆದರೆ ನಿಮ್ಮ ವಿಶ್ವವಿದ್ಯಾಲಯ ಕೇಳಬಹುದು, ವಿಚಾರಿಸಿಕೊಳ್ಳಿ. ಯಾವ ಜರ್ನಲ್ ನಂಬಬಹುದು ಅಂತ ನೋಡಲು ಇದ್ದ ಯುಜಿಸಿ-ಕೇರ್ ಪಟ್ಟಿ 2025ರ ಫೆಬ್ರವರಿಯಲ್ಲಿ ನಿಂತಿತು. ಈಗ ನೀವೇ ತೂಗಿ ನೋಡಬೇಕು. ಮೂರು ದಿನದಲ್ಲಿ ಪ್ರಕಟಿಸುತ್ತೇವೆ, ಇಷ್ಟು ಸಾವಿರ ಕಳಿಸಿ ಅಂತ ಮೇಲ್ ಬಂದರೆ ತೂಗುವ ಕೆಲಸವೇ ಬೇಡ, ನೇರ ಬಿಟ್ಟುಬಿಡಿ.

ಕೆಲಸ ಮಾಡುತ್ತ ಓದುವವರು ಒಂದು ಸಿದ್ಧತೆ ಮಾಡಿಕೊಳ್ಳಿ. ನೋಟ್ಸ್ ಉರು ಹೊಡೆದು "ಸಂಶೋಧನೆ ಎಂದರೇನು, ಅದರ ಲಕ್ಷಣಗಳನ್ನು ವಿವರಿಸಿ" ಅನ್ನುವುದಕ್ಕೆ ನಾಲ್ಕು ಪುಟ ಬರೆದರೆ ಶೇ 55 ಬಂದುಬಿಡುತ್ತದೆ. ಎಷ್ಟೋ ಕಡೆ ಪ್ರಶ್ನೆಪತ್ರಿಕೆ ಇರುವುದೂ ಹಾಗೇ. ಅದರ ಜೊತೆಗೆ ಪ್ರತಿ ಪಾಠ ಮುಗಿದ ರಾತ್ರಿ ನಿಮ್ಮ ಸಿನಾಪ್ಸಿಸ್ ತೆಗೆದು, ಈ ಪಾಠದ ಪ್ರಕಾರ ಇದರಲ್ಲಿ ಏನು ತಪ್ಪಿದೆ ಅಂತ ಒಂದು ಸಾಲು ಬರೆದಿಡಿ. ನನ್ನ ಸಿನಾಪ್ಸಿಸ್ಸಿನ ಅಂಚುಗಳಲ್ಲಿ ಜಾಗ ಉಳಿದಿರಲಿಲ್ಲ.

ಕೋರ್ಸ್ ಮುಗಿಯುವ ವಾರ ಮತ್ತೆ ಎಲ್ಲರೂ ಎದ್ದು ನಿಲ್ಲಬೇಕಾಯಿತು. ಹೊಸ ಪ್ರಶ್ನೆ ಹೇಳಿದೆ. ರಾತ್ರಿ ಫೋನ್ ಜಾಸ್ತಿ ನೋಡುವವರ ಮತ್ತು ನೋಡದವರ ಹಾಜರಾತಿ ಒಂದೇ ತರ ಬಂದರೆ, ಅಥವಾ ಬಸ್ಸಿನ ಸಮಯ ಲೆಕ್ಕಕ್ಕೆ ತೆಗೆದುಕೊಂಡ ಕೂಡಲೇ ವ್ಯತ್ಯಾಸ ಮಾಯವಾದರೆ, ನನ್ನ ಊಹೆ ತಪ್ಪು ಅಂದೆ. ಮೇಷ್ಟ್ರು ತಲೆಯಾಡಿಸಿ ಪುಟ ತಿರುಗಿಸಿದರು.

"384 ಅಂತ ಬರೆದಿದ್ದೀರಿ. ಎಷ್ಟು ಕಾಲೇಜಿಂದ?"

"ಎಂಟು ಸರ್. ಒಂದೊಂದರಿಂದ ನಲವತ್ತೆಂಟು."

"ಒಂದು ಕಾಲೇಜಿನ ಹುಡುಗರೆಲ್ಲ ಒಂದೇ ಬಸ್ಸಿಗೆ ಬರ್ತಾರೆ, ಒಬ್ಬರೇ ಲೆಕ್ಚರರ್ ಹತ್ರ ಪಾಠ ಕೇಳ್ತಾರೆ. ಒಬ್ಬ ತಪ್ಪಿಸಿಕೊಂಡರೆ ನಾಲ್ಕು ಜನ ಜೊತೆಗೆ ಹೋಗ್ತಾರೆ. ನಲವತ್ತೆಂಟು ಅಗುಳೂ ಒಂದೇ ಪಾತ್ರೇದು. ಹಾಗಿರುವಾಗ ಇದು 384 ಜನವಾ, ಎಂಟು ಪಾತ್ರೆಯಾ ಮೇಡಂ?"

ಕೂತೆ. ಬ್ಯಾಗಿನಿಂದ ಜಿಲ್ಲೆಯ ಕಾಲೇಜುಗಳ ಪಟ್ಟಿ ಮತ್ತೆ ಹೊರಗೆ ತೆಗೆದೆ.